ಪಿಸಾರೊನ ರಾತ್ರಿ ಚಿತ್ರ: ಸಂಭ್ರಮವೋ, ಒಂಟಿತನವೋ?

ಮಂಡಿಪೇಟೆ ಮಳೆ: ಚಿತ್ರಕಾರ ಕಮೀಲ್ ಪಿಸಾರೊ 1897ರಲ್ಲಿ ಪ್ಯಾರಿಸ್ಸಿನ ಮೋಂಮಾರ್ತ್ರ ಬುಲ್‌ವಾರ್ ರಸ್ತೆಯನ್ನ ಹೋಟೆಲ್ ಕಿಟಕಿಯಲ್ಲಿ ಕೂತು 14 ಸಲ ಬರೆದ. ಅದರಲ್ಲಿ ರಾತ್ರಿಯದು ಒಂದೇ. ಒದ್ದೆ ರಸ್ತೆ, ಬೀದಿದೀಪ, ಅಂಗಡಿ ಬೆಳಕು, ಸಾಲುಗಟ್ಟಿದ ಗಾಡಿಗಳು. ನಿನ್ನೆ ಮೊಬೈಲಲ್ಲಿ ಹಿಗ್ಗಿಸಿ ನೋಡಿದೆ, ದೀಪಾವಳಿ ಹಿಂದಿನ ದಿನದ ನಮ್ಮ ದಾವಣಗೆರೆ ಪೇಟೆ ಕಂಡಂಗಾಯ್ತು. ಇದು ಸಂಭ್ರಮದ ಚಿತ್ರ ಅಂತೀನಿ. ನೀವೇನಂತೀರಿ?

ದುರ್ಗದ ಬಂಡೆ: ಸಂಭ್ರಮ ಎಲ್ಲಿ ಕಂಡ್ರಿ? ಒಂದು ಮುಖ ಕಾಣಲ್ಲ, ಜನ ಅಂದ್ರೆ ಕಪ್ಪು ಗೀಟು. ಕಣ್ಣಿನ ಕಾಯಿಲೆಯಿಂದ ಹೊರಗಡೆ ಕೂತು ಬರೆಯೋಕಾಗದೆ ಕಿಟಕಿ ಹಿಡಿದವನು ಆತ. ಆಗ 66 ವರ್ಷ. ಮೇಲಿನಿಂದ ಜಾತ್ರೆ ನೋಡ್ತಾನೆ, ಇಳಿಯಂಗಿಲ್ಲ. ನನಗೆ ಒಂಟಿತನವೇ ಕಾಣೋದು.

ಬಣ್ಣದ ಡಬ್ಬಿ: ಇಬ್ಬರೂ ಕಥೆ ಹುಡುಕ್ತಿದೀರಿ. ಮೊದಲು ಬೆಳಕು ನೋಡ್ರಿ. ಅಲ್ಲಿ ಮೂರು ಥರದ ಬೆಳಕಿದೆ: ರಸ್ತೆ ನಡುವೆ ಎಲೆಕ್ಟ್ರಿಕ್ ದೀಪಗಳ ತಣ್ಣನೆ ಬಿಳಿ, ಅಂಗಡಿಗಳಲ್ಲಿ ಗ್ಯಾಸ್ ದೀಪದ ಕೆಂಡದಂಥ ಹಳದಿ, ಗಾಡಿಗಳಿಗೆ ಎಣ್ಣೆ ದೀಪ. ಒದ್ದೆ ನೆಲ ಮೂರನ್ನೂ ಕೆಳಕ್ಕೆ ಎಳೆದು ಕಲಸುತ್ತೆ. ಸುತ್ತ ಅಷ್ಟು ನೀಲಿ ಇರೋದಕ್ಕೇ ಆ ಹಳದಿ ಬೆಚ್ಚಗನಿಸೋದು.

ಇದನ್ನ ನಾನು ಕೆಡಿಸಿಕೊಂಡೇ ಕಲಿತಿದ್ದು. ಹಿಂದೊಂದು ಮಳೆಗಾಲ ಅಶೋಕ ರಸ್ತೇಲಿ ರೈಲ್ವೆ ಗೇಟ್ ಬಿದ್ದಾಗ ನಿಂತ ಗಾಡಿಗಳನ್ನ ಬರೆಯೋಕೆ ಕೂತೆ. ರಾತ್ರಿ ಬೆಳಕು ಅಂದ್ರೆ ಕಿತ್ತಳೆ ಅಂದ್ಕೊಂಡು ಹಾಳೆ ತುಂಬ ಬಳಿದೆ, ಕೆಸರಾಯ್ತು. ಎರಡನೇ ಸಲ ಆಕಾಶ, ರಸ್ತೆ ಎರಡಕ್ಕೂ ನೀಲಿ ನೇರಳೆ ಎಳೆದು, ಮಿರ್ಚಿ ಬಾಣಲೆ ಮೇಲಿನ ಬಲ್ಬಿಗೆ ಮಾತ್ರ ಹಳದಿ ಉಳಿಸಿದೆ. ಆವಾಗ ಹಾಳೆ ಮೇಲೆ ಮಳೆ ಬಂತು.

ದುರ್ಗದ ಬಂಡೆ: ಬಣ್ಣದ ಮಾತು ಒಪ್ತೀನಿ. ಆದ್ರೆ ನೋಡೋನು ಎಲ್ಲಿ ನಿಂತಿದಾನೆ ಅನ್ನೋದನ್ನ ಬಿಡಬೇಡ್ರಿ. ಮುಸ್ಸಂಜೆ ನಮ್ಮ ಕೋಟೆ ಇಳಿಯೋ ಮುಂಚೆ ಒಂದು ಗಳಿಗೆ ನಿಲ್ರಿ. ಕೆಳಗೆ ದೀಪ ಒಂದೊಂದೇ ಹತ್ತುತ್ತೆ, ಎಲ್ಲ ಹಳದಿ, ಎಲ್ಲ ಬೆಚ್ಚಗೆ. ನನ್ನ ಮನೆ ಯಾವುದು ಅಂತ ಮಾತ್ರ ಗೊತ್ತಾಗಲ್ಲ. ಆ ದೂರ ಈ ಚಿತ್ರದಲ್ಲೂ ಇದೆ.

ಭಟ್ಟಿ ಹೊಗೆ: ಗಾಳಿ ಬಗ್ಗೆ ಯಾರೂ ಹೇಳಲಿಲ್ಲ. ಪಿಸಾರೊನ ಕಾಲದ ಇನ್ನೊಬ್ಬ ಚಿತ್ರಕಾರ ಮೋನೆ 1899ರಿಂದ 1901ರವರೆಗೆ ಲಂಡನ್ನಿಗೆ ಹೋಗಿ ಬಂದು ಥೇಮ್ಸ್ ಸೇತುವೆಗಳನ್ನ ಬರೆದನಲ್ಲ, ಅಲ್ಲಿರೋದು ಬರೀ ಮಂಜಲ್ಲ, ಕಲ್ಲಿದ್ದಲ ಹೊಗೆ. ನಾನು ಮಂಡಕ್ಕಿ ಭಟ್ಟಿಗಳ ಮಗ್ಗುಲಲ್ಲೇ ಬೆಳೆದೋನು. ಬೆಳಿಗ್ಗೆ ಹೊಗೆಯಲ್ಲಿ ಸೂರ್ಯ ಬಂದ್ರೆ ಗೋಡೆಗಳ ಅಂಚು ಕರಗಿ ಹೋಗ್ತಿತ್ತು, ಸೈಕಲ್ ಮೇಲೆ ಬರೋರು ಅರ್ಧ ಮಾತ್ರ ಕಾಣೋರು. ನಮ್ಮಪ್ಪನ ಕೆಮ್ಮೂ ಅದೇ ಹೊಗೆಯದು. ಚೆಂದ ಅನ್ನೋಕೆ ಬಾಯಿ ಬರಲ್ಲ, ಕಣ್ಣಿಗೆ ಕಂಡದ್ದು ಸುಳ್ಳೂ ಅಲ್ಲ.

ಮಂಡಿಪೇಟೆ ಮಳೆ: ಇದನ್ನ ಓದಿದ ಮೇಲೆ ಮತ್ತೆ ಚಿತ್ರ ತೆಗೆದು ನೋಡಿದೆ. ಈಗ ಆ ಬಿಳಿ ದೀಪದ ಸಾಲು ದೂರಕ್ಕೆ ಹೋಗ್ತಾ ಚಿಕ್ಕದಾಗೋದೇ ಕಣ್ಣಿಗೆ ಬೀಳ್ತಿದೆ. ಪಿಸಾರೊ ಇದಕ್ಕೆ ಸಹಿ ಹಾಕಲಿಲ್ಲ, ಬದುಕಿದ್ದಾಗ ಪ್ರದರ್ಶನಕ್ಕೂ ಇಡಲಿಲ್ಲ. ಬಂಡೆಯವರ ಮಾತಿಗೆ ಅರ್ಧ ಸೋತೆ. ಇವತ್ತು ಮೋಡ ಕಟ್ಟಿದೆ, ಸಂಜೆ ಪೇಟೇಲಿ ಗೆಳೆಯನ ಅಂಗಡಿ ಮಹಡಿ ಹತ್ತಿ ನೋಡ್ತೀನಿ.

ಬಣ್ಣದ ಡಬ್ಬಿ: ಫೋಟೊ ತೆಗೀಬೇಡ್ರಿ. ಕಣ್ಣು ಅರೆ ಮುಚ್ಚಿ ನೋಡ್ರಿ, ಬೋರ್ಡಿನ ಅಕ್ಷರ ಹೋಗಿ ಬಣ್ಣ ಉಳಿಯೋವರೆಗೆ. ನೆರಳು ಯಾವ ಬಣ್ಣ ಇತ್ತು ಅಂತ ಬಂದು ಹೇಳ್ರಿ.