ಮಹಡಿಯ ನೆಲ: ಚಿಕ್ಕಪೇಟೆ ಮನೆ ಗುಂಪಿನ ಚರ್ಚೆ

ದೊಡ್ಡಪ್ಪ: (ವಿಡಿಯೊ) ಎಲ್ಲರೂ ನೋಡಿ. ಈ ಸಿಮೆಂಟನ್ನು ಸುರಿದರೆ ನೆಲ ತಾನಾಗಿಯೇ ಮಟ್ಟವಾಗುತ್ತದೆ. ತುಮಕೂರಿನ ಚಿಕ್ಕಪೇಟೆ ಮನೆಯ ಮಹಡಿ ಕೋಣೆಗೆ ಇದೇ ಸರಿ. ಮೇಲೆ ಟೈಲ್ಸ್ ಹಾಕಿಸಿ ಬಾಡಿಗೆಗೆ ಕೊಡೋಣ.

ನಾನು: ಬೇಡ ದೊಡ್ಡಪ್ಪ. ವಿಡಿಯೊದಲ್ಲಿರುವುದು ಕಬ್ಬಿಣದ ಸರಳು ಹಾಕಿದ ಕಾಂಕ್ರೀಟ್ ನೆಲ, ಆರ್‌ಸಿಸಿ. ನಮ್ಮದು ಮದ್ರಾಸ್ ತಾರಸಿ. ಮರದ ತೊಲೆಯ ಮೇಲೆ ಜಂತೆ, ಅದರ ಮೇಲೆ ಓರೆಯಾಗಿ ನಿಲ್ಲಿಸಿದ ಸಣ್ಣ ಇಟ್ಟಿಗೆ, ಆಮೇಲೆ ಸುಣ್ಣದ ಗಾರೆ. 10 ಅಡಿ ಅಗಲ, 12 ಅಡಿ ಉದ್ದದ ಕೋಣೆ. ಒಂದು ಬದಿ 3 ಅಂಗುಲ ತಗ್ಗಿದೆ. ಅದನ್ನು ತುಂಬಲು 15 ಘನ ಅಡಿ ಗಾರೆ ಬೇಕು, ಅಂದರೆ ಸುಮಾರು 900 ಕಿಲೊ. ಟೈಲ್ಸ್ ತೂಕ ಬೇರೆ.

ದೊಡ್ಡಪ್ಪ: ತಾತ ಅದೇ ಕೋಣೆಯಲ್ಲಿ ರಾಗಿ ಮೂಟೆ ಪೇರಿಸುತ್ತಿದ್ದರು. ಆಗ ಬೀಳದ ನೆಲ ಈಗ ಬೀಳುತ್ತದೆಯೇ?

ನಾನು: ಮೂಟೆ ಖಾಲಿಯಾಗುತ್ತಿತ್ತು, ಗಾರೆ ಆಗುವುದಿಲ್ಲ. ಅಲ್ಲದೆ ಆಗ ಪಕ್ಕದಲ್ಲಿ ಬಚ್ಚಲುಮನೆ ಇರಲಿಲ್ಲ. ಅದನ್ನು ಕಟ್ಟಿಸಿದವರು ಯಾರೆಂದು ನಾನು ಹೇಳುವುದಿಲ್ಲ.

ಅತ್ತೆ: ನೆಲ ಈಶಾನ್ಯಕ್ಕೆ ಇಳಿಜಾರಾಗಿದ್ದರೆ ಶುಭ. ಯಾರೂ ಮುಟ್ಟಬೇಡಿ.

ತಮ್ಮ: ಅತ್ತೆ, ಗೋಲಿ ಬಿಟ್ಟು ನೋಡಿದೆ. ನೇರವಾಗಿ ನೈಋತ್ಯಕ್ಕೆ ಹೋಗಿ ಬಚ್ಚಲಿನ ಗೋಡೆಗೆ ಬಡಿಯಿತು.

ಅತ್ತೆ: ಅಯ್ಯೋ, ಹಾಗಾದರೆ ನಾಳೆಯೇ ಸರಿ ಮಾಡಿಸಿ.

ಚಿಕ್ಕಪ್ಪ: ಸುಮ್ಮನೆ ಹೆದರಿಸಬೇಡಿ. ಅದು ಮೊದಲು ಬಯಲು ತಾರಸಿ. ಮಳೆನೀರು ಹರಿದುಹೋಗಲೆಂದೇ ಇಳಿಜಾರು ಕೊಟ್ಟಿದ್ದರು. ತಾತ ಕೋಣೆ ಕಟ್ಟಿಸಿದ್ದು ಆಮೇಲೆ.

ನಾನು: ಅದೂ ಇರಬಹುದು ಚಿಕ್ಕಪ್ಪ. ಆದರೆ ಮೇಲೆ ನಿಂತು ವಾದಿಸಿದರೆ ತಿಳಿಯದು, ಕೆಳಗಿನ ಪಡಸಾಲೆಯಿಂದ ನೋಡಬೇಕು. ತಮ್ಮ, ಪಾರದರ್ಶಕ ಪೈಪಿಗೆ ನೀರು ತುಂಬಿ ಪ್ರತಿ ತೊಲೆಯ ಎರಡೂ ತುದಿಗೆ ಮಟ್ಟ ಹಿಡಿ. ತೊಲೆಗಳು ಮಟ್ಟವಾಗಿದ್ದರೆ ಇಳಿಜಾರು ಗಾರೆಯದು, ಚಿಂತೆಯಿಲ್ಲ. ತೊಲೆಯೇ ಇಳಿದಿದ್ದರೆ ಗೋಡೆಯೊಳಗಿನ ತುದಿ ಕೊಳೆತು ಕುಂಬಾಗಿರಬಹುದು.

ತಮ್ಮ: ಹಿಡಿದೆ. ಉಳಿದ ತೊಲೆಗಳು ಸರಿಯಾಗಿವೆ. ಬಚ್ಚಲಿನ ಪಕ್ಕದ್ದು ಮಾತ್ರ ಗೋಡೆಯ ಕಡೆ ಒಂದೂವರೆ ಅಂಗುಲ ಇಳಿದಿದೆ. ಸ್ಕ್ರೂಡ್ರೈವರ್ ಚುಚ್ಚಿದರೆ ಹಿಡಿಯವರೆಗೂ ಒಳಗೆ ಹೋಯಿತು. (ಫೋಟೊ)

ಚಿಕ್ಕಪ್ಪ: ಅರ್ಧ ನನ್ನ ಮಾತೇ ನಿಜವಾಯಿತು.

ನಾನು: ಉಳಿದರ್ಧವೇ ಮನೆ ಬೀಳಿಸುವುದು. ಇಂದಿನಿಂದ ಆ ಬಚ್ಚಲಿನ ನಲ್ಲಿ ಬಂದ್. ತೊಲೆಯ ಕೆಳಗೆ ಕಬ್ಬಿಣದ ಆಧಾರ ಕಂಬ ಕೊಡಿಸಿ. ಜಾಕಿ ಕೊಟ್ಟು ಒಂದೇ ದಿನದಲ್ಲಿ ಎತ್ತಿದರೆ ಗಾರೆ ಬಿರುಕು ಬಿಡುತ್ತದೆ, ಮೇಸ್ತ್ರಿ ಆತುರಪಡಬಾರದು. ಕಟ್ಟಡದ ಎಂಜಿನಿಯರ್ ಒಬ್ಬರು ನೋಡಿ ಅಳತೆ ಹೇಳಿದ ಮೇಲೆ ಪಕ್ಕದಲ್ಲಿ ಉಕ್ಕಿನ ತೊಲೆ ಕೂರಿಸೋಣ. ಉಳಿದ ಇಳಿಜಾರಿಗೆ ಓರೆಯಾಗಿ ಕೊರೆದ ಮರದ ಪಟ್ಟಿಗಳ (ರೀಪರು) ಮೇಲೆ ಪ್ಲೈವುಡ್ ಸಾಕು, ಭಾರವೂ ಕಡಿಮೆ.

ದೊಡ್ಡಪ್ಪ: ಮೇಸ್ತ್ರಿಗೆ ನಿನ್ನೆಯೇ ಮುಂಗಡ ಕೊಟ್ಟಾಯಿತು.

ನಾನು: ಒಳ್ಳೆಯದಾಯಿತು. ಅದರಲ್ಲೇ ಬಚ್ಚಲಿನ ಸೋರಿಕೆ ನಿಲ್ಲಿಸಲಿ.

ಅತ್ತೆ: ಮುಂಗಡ ಯಾರ ಪಾಲಿನಿಂದ ಹೋಯಿತು?