'ಸ್ಟೋರಿಟೆಲರ್' ಗೊಂಬೆಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಶುಕ್ರವಾರದೊಳಗೆ ಒಂದು ಪದ ಬೇಕಾಗಿದೆ. ಇಲ್ಲಿ ನ್ಯೂ ಮೆಕ್ಸಿಕೊದಲ್ಲಿ ನಮ್ಮ ಕನ್ನಡ ತರಗತಿಯ ಮಕ್ಕಳನ್ನು ಸಾಂತಾ ಫೆಯ ಜನಪದ ಕಲೆಯ ಮ್ಯೂಸಿಯಂಗೆ ಕರೆದುಕೊಂಡು ಹೋಗುತ್ತಿದ್ದೇವೆ. ಅವರ ಕೈಗೆ ಕೊಡುವ ಹಾಳೆ ಬರೆಯುತ್ತಿದ್ದೇನೆ.

ಇಲ್ಲಿನ ಮೂಲನಿವಾಸಿಗಳ ಊರಾದ ಕೊಚಿಟಿ ಪ್ಯೂಬ್ಲೊದ ಹೆಲೆನ್ ಕಾರ್ಡೆರೊ 1964ರಲ್ಲಿ ಮಾಡಿದ ಮಣ್ಣಿನ ಗೊಂಬೆ ಈ 'ಸ್ಟೋರಿಟೆಲರ್'. ಕೂತಿರುವ ಅಜ್ಜ, ಮೈಮೇಲೆ ಐದು ಮಕ್ಕಳು. ಕಣ್ಣು ಮುಚ್ಚಿದೆ, ಬಾಯಿ ತೆರೆದಿದೆ. ಕತೆ ಹೇಳುತ್ತಿದ್ದ ತಮ್ಮ ಅಜ್ಜ ಸ್ಯಾಂಟಿಯಾಗೊ ಕ್ವಿಂಟಾನಾ ಅವರನ್ನು ನೆನೆದು ಮಾಡಿದ್ದು. 'ಕತೆಗಾರ' ಅಂತ ಬರೆದು ಅಳಿಸಿದೆ. ಆ ಪದ ಕೇಳಿದರೆ ಕತೆ ಬರೆಯುವವರೇ ಕಣ್ಣಮುಂದೆ ಬರ್ತಾರೆ, ಅಲ್ವಾ? ಇನ್ನು ಹೆಲೆನ್ ಅವರನ್ನು ಕುಂಬಾರ್ತಿ ಅನ್ನಬಹುದೇ?

ಉತ್ತರ:

ಕುಂಬಾರ ಬಂದದ್ದೇ ಸಂಸ್ಕೃತದ 'ಕುಂಭಕಾರ'ದಿಂದ. ಬೇಡ. 'ಮಣ್ಣಾಳು' ಅನ್ನಿ. ಪ್ಯೂಬ್ಲೊ ಯಾಕೆ? ಸ್ಪ್ಯಾನಿಶ್‌ನಲ್ಲಿ ಊರು ಅಂತ ತಾನೇ ಅರ್ಥ? ಕೊಚಿಟಿ ಊರು ಅಂದರೆ ಮುಗೀತು. ಸಿಕ್ಕಿದ ಎರವಲನ್ನೆಲ್ಲ ಹೊತ್ತು ತಿರುಗುವುದನ್ನು ಇನ್ನಾದರೂ ಬಿಡೋಣ.

ಉತ್ತರ:

ಸಾರ್, ಎರವಲು ಬೇಡವೆಂದರೆ 'ಕತೆ'ಯನ್ನೂ ಬಿಡಬೇಕಾಗುತ್ತದೆ. ಅದೂ ಸಂಸ್ಕೃತದಿಂದ ಬಂದದ್ದೇ. 'ಮಣ್ಣಾಳು' ಅಂದರೆ ಮಣ್ಣು ಹೊರುವ ಕೂಲಿಯವರು ಅನಿಸುತ್ತದೆ. ಸುಮ್ನೆ ಪದ ಕಟ್ಟಿದರೆ ಆಗಲಿಲ್ಲ.

ಕುಂಬಾರ್ತಿ ಬೇಡ ಅನ್ನುವುದಕ್ಕೆ ನನ್ನ ಕಾರಣವೇ ಬೇರೆ. ಆ ಪದದ ಜೊತೆ ನಮಗೆ ತಿಗುರಿ ಬರುತ್ತದೆ, ಆವಿಗೆ ಬರುತ್ತದೆ, ಜಾತಿಯೂ ಬರುತ್ತದೆ. ಅಲ್ಲಿ ತಿಗುರಿಯೇ ಇಲ್ಲ. ಮಣ್ಣನ್ನು ಹಗ್ಗದ ಹಾಗೆ ಹೊಸೆದು, ಸುತ್ತಿನ ಮೇಲೆ ಸುತ್ತು ಇಟ್ಟು, ಬೆರಳಲ್ಲಿ ಬೆಸೆಯುತ್ತಾರೆ. ಒಣಗಿದ ಮೇಲೆ ಬಿಳಿ ಮಣ್ಣಿನ ತಿಳಿಯನ್ನು ಮತ್ತೆ ಮತ್ತೆ ಬಳಿಯುತ್ತಾರೆ. ಕಪ್ಪು ಗೆರೆಗೆ ಕಾಡುಗಿಡವೊಂದನ್ನು ಗಟ್ಟಿಯಾಗುವವರೆಗೆ ಕುದಿಸಿದ ರಸ. ಸುಡುವುದು ಬಯಲಲ್ಲಿ. 'ಮಣ್ಣಿನ ಕಲಾವಿದೆ' ಸಾಕು.

ಪ್ಯೂಬ್ಲೊ ಹಾಗೇ ಇರಲಿ. ಅದು ಊರಿಗೂ ಹೆಸರು, ಜನಕ್ಕೂ ಹೆಸರು. ನ್ಯೂ ಮೆಕ್ಸಿಕೊದಲ್ಲಿ ಅಂಥವು 19 ಇವೆ. ಬರೀ ಊರು ಅಂದರೆ ಜನ ಬಿಟ್ಟುಹೋಗ್ತಾರೆ.

ಮೂರ್ತಿ, ವಿಗ್ರಹ ಅಂತೂ ಬರೆಯಬೇಡಿ. ಮಕ್ಕಳು ಪೂಜೆಯದು ಅಂದುಕೊಳ್ತಾರೆ. ಗೊಂಬೆಯೇ ಸರಿ. ದಸರಾ ಗೊಂಬೆ ನೋಡಿದವರಿಗೆ ಎಲ್ಲ ಗೊಂಬೆಯೂ ಆಟಕ್ಕಲ್ಲ ಅಂತ ಗೊತ್ತಿರುತ್ತದೆ. ಆದರೆ ಸಾಂತಾ ಕ್ಲಾರಾ ಪ್ಯೂಬ್ಲೊದ ರಾಕ್ಸಾನ್ ಸ್ವೆಂಟ್ಜೆಲ್ ಅವರ ಮಣ್ಣಿನ ಕೆಲಸಕ್ಕೆ ನಾನು 'ಶಿಲ್ಪ' ಅಂತಲೇ ಬರೆಯುತ್ತೇನೆ. ಅಲ್ಲಿ ಗೊಂಬೆ ಅಂದರೆ ಕಮ್ಮಿಯಾಗುತ್ತದೆ.

ನಿಮ್ಮ ಹಾಳೆಗೆ 'ಕತೆ ಹೇಳುವ ಅಜ್ಜ' ಅಂತ ಹಾಕಿ. ಆ ತೆರೆದ ಬಾಯಿ 'ಹೇಳುವ'ದಲ್ಲಿದೆ. ಹೆಲೆನ್ ಆದಮೇಲೆ ಬೇರೆಯವರು ಹೆಂಗಸರನ್ನೂ ಪ್ರಾಣಿಗಳನ್ನೂ ಮಾಡಿದರು. ಅಲ್ಲಿ ಕೊನೆಯ ಪದ ಬದಲಿಸಿ: ಕತೆ ಹೇಳುವ ಅಜ್ಜಿ, ಕತೆ ಹೇಳುವ ಕರಡಿ.

ಉತ್ತರ:

ತುಂಬಾ ಥ್ಯಾಂಕ್ಸ್. ಹೀಗೆ ಬರೆದೆ: 'ಕತೆ ಹೇಳುವ ಅಜ್ಜ. ಮಣ್ಣಿನ ಗೊಂಬೆ, 1964. ಮಾಡಿದವರು ಹೆಲೆನ್ ಕಾರ್ಡೆರೊ, ಕೊಚಿಟಿ ಪ್ಯೂಬ್ಲೊ.' ಕೆಳಗೆ ಮಕ್ಕಳಿಗೆ ಒಂದು ಪ್ರಶ್ನೆಯನ್ನೂ ಹಾಕಿದ್ದೇನೆ: ಅಜ್ಜ ಕಣ್ಣು ಮುಚ್ಚಿಕೊಂಡಿರುವುದು ಯಾಕೆ?