ಗಿಂಪ್‌ನಲ್ಲಿ ಮಾತಿನ ಬಲೂನು: ಬಾಲದ ಗೆರೆ, ಒತ್ತಕ್ಷರದ ಜಾಗ

ಗೆರೆಮನೆ (ಪ್ರಶ್ನೆ):
ಎಂಟು ಪುಟದ ಕಾಮಿಕ್ಸ್‌ಗೆ ಗಿಂಪ್ 2.10ರಲ್ಲಿ (ಚಿತ್ರ ತಿದ್ದುವ ತಂತ್ರಾಂಶ) ಸಂಭಾಷಣೆ ಕೂರಿಸ್ತಿದ್ದೇನೆ. ಎ4 ಪುಟ, 300 ಡಿಪಿಐ (ಇಂಚಿಗೆ 300 ಚುಕ್ಕಿ), ನೋಟೋ ಸಾನ್ಸ್ ಕನ್ನಡ ಫಾಂಟ್. ಮೂರು ಕಡೆ ಸಿಕ್ಕಿಹಾಕಿಕೊಂಡಿದೆ. ಬಲೂನಿಗೆ ಬಾಲ (ಮಾತಾಡುವವರತ್ತ ಚಾಚುವ ಚೂಪು) ಸೇರಿಸಿದರೆ ನಡುವೆ ಕಪ್ಪು ಗೆರೆ ಅಡ್ಡ ಉಳಿಯುತ್ತೆ. ಸಾಲುಗಳು ತೀರಾ ದೂರ ಅಂತ ಹತ್ತಿರ ತಂದರೆ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತೆ. ಬಣ್ಣ ಹಾಕುವವರು ಅದೇ ಮಾತನ್ನು ಫೋಟೋಶಾಪ್‌ನಲ್ಲಿ ಹಾಕಿದರೆ ‘ಕನ್ನಡ’ ಅನ್ನೋದು ‘ಕನ್‌ನಡ’ ಆಗುತ್ತೆ. ಏನು ಮಾಡಬೇಕು?

ಮಸಿಕುಡಿಕೆ:
ಮೊದಲು ಮಾತು ಟೈಪ್ ಮಾಡಿ, ಬಲೂನು ಆಮೇಲೆ. ಬಲೂನು ಬರೆದಿಟ್ಟು ಅದರೊಳಗೆ ಮಾತು ತುರುಕಲು ಹೋದರೆ ಪುಟದಿಂದ ಪುಟಕ್ಕೆ ಅಕ್ಷರದ ಸೈಜ್ ಏರುಪೇರಾಗುತ್ತೆ. 300 ಡಿಪಿಐಗೆ 10 ಪಾಯಿಂಟ್ ಅಂದರೆ ಸುಮಾರು 42 ಪಿಕ್ಸೆಲ್. ಅಷ್ಟು ಇಟ್ಟುಕೊಂಡು ಎಂಟೂ ಪುಟಕ್ಕೆ ಅದನ್ನೇ ಬಳಸಿ.

ಅಡ್ಡಗೆರೆ ಉಳಿಯೋದು ಬಲೂನಿಗೂ ಬಾಲಕ್ಕೂ ಬೇರೆಬೇರೆ ಗೆರೆ ಎಳೆದಿರೋದರಿಂದ. ಎರಡೂ ಸೇರಿ ಒಂದೇ ಸೆಲೆಕ್ಷನ್ (ಆರಿಸಿದ ಜಾಗ) ಆದ ಮೇಲೆ ಗೆರೆ ಬರಬೇಕು. ಟೆಕ್ಸ್ಟ್ ಲೇಯರಿನ (ಮಾತಿರುವ ಪದರದ) ಕೆಳಗೆ ಪಾರದರ್ಶಕ ಲೇಯರ್ ಒಂದನ್ನು ಸೇರಿಸಿ. ಎಲಿಪ್ಸ್ ಸೆಲೆಕ್ಟ್‌ನಲ್ಲಿ ಆ್ಯಂಟಿಅಲಿಯಾಸಿಂಗ್ (ಅಂಚಿನ ಮೆಟ್ಟಿಲು ನಯಮಾಡೋದು) ಆನ್, ಫೆದರ್ (ಅಂಚು ಮಸುಕುಮಾಡೋದು) ಆಫ್. ಮಾತಿನ ಸುತ್ತ ಒಂದು ಅಕ್ಷರದ ಎತ್ತರದಷ್ಟು ಜಾಗ ಬಿಟ್ಟು ಅಂಡಾಕಾರ ಎಳೆಯಿರಿ. ನಂತರ ಫ್ರೀ ಸೆಲೆಕ್ಟ್ ತೆಗೆದುಕೊಂಡು, ಟೂಲ್ ಆಪ್ಷನ್ಸ್‌ನಲ್ಲಿ ಮೋಡ್ ಅನ್ನು ‘ಆ್ಯಡ್’ ಮಾಡಿ. ಬಾಲದ ಬುಡದ ಎರಡು ಬಿಂದು ಅಂಡಾಕಾರದ ಒಳಗೇ ಬೀಳಲಿ, ಮೂರನೆಯದು ತುದಿ. ಮೊದಲ ಬಿಂದುವನ್ನು ಮತ್ತೆ ಒತ್ತಿ ಎಂಟರ್ ಕೊಡಿ.

ಈಗ ಎಡಿಟ್ ಮೆನುವಿನಿಂದ ಬಿಳಿ ತುಂಬಿ. ಬಕೆಟ್ ಬೇಡ, ಅದು ಅಂಚಿನಲ್ಲಿ ತುಂಬದ ಪಿಕ್ಸೆಲ್ ಬಿಡುತ್ತೆ. ಸೆಲೆಕ್ಷನ್ ಬಿಡದೆ ಸೆಲೆಕ್ಟ್ ಮೆನುವಿನ ‘ಗ್ರೋ’ಗೆ 4 ಪಿಕ್ಸೆಲ್ ಕೊಡಿ, ಬಿಳಿ ಲೇಯರಿನ ಕೆಳಗೆ ಇನ್ನೊಂದು ಲೇಯರ್ ಮಾಡಿ ಕಪ್ಪು ತುಂಬಿ. ಅಚ್ಚಿನಲ್ಲಿ ಸುಮಾರು 0.34 ಮಿ.ಮೀ. ಗೆರೆ ಬರುತ್ತೆ. ದಪ್ಪ ಬದಲಿಸಬೇಕಾದರೆ ಬಿಳಿ ಲೇಯರಿಗೆ ‘ಆಲ್ಫಾ ಟು ಸೆಲೆಕ್ಷನ್’ (ಬಣ್ಣವಿರುವ ಜಾಗವನ್ನು ಮತ್ತೆ ಆರಿಸೋದು) ಕೊಟ್ಟು ಕಪ್ಪನ್ನು ಮಾತ್ರ ಮತ್ತೆ ಮಾಡಿದರಾಯಿತು.

ಬಾಲ ಮಾತಾಡುವವರ ಬಾಯಿಯತ್ತ ತಿರುಗಿರಲಿ, ತಲೆಯತ್ತ ಅಲ್ಲ. ಬಾಯಿವರೆಗೂ ಎಳೆಯಬೇಡಿ, ಅರ್ಧಕ್ಕಿಂತ ಸ್ವಲ್ಪ ಮುಂದೆ ಹೋದರೆ ಸಾಕು.

ಒತ್ತುಕೊಂಬು:
ಸಾಲಿನ ಅಂತರದ ವಿಷಯ. ಕನ್ನಡ ಫಾಂಟಿನಲ್ಲಿ ಒತ್ತಿಗೂ ಗುಡಿಸಿಗೂ ಸೇರಿ ಮೇಲೆ ಕೆಳಗೆ ಜಾಗ ಮೊದಲೇ ಇರುತ್ತೆ. ಒತ್ತಿಲ್ಲದ ಸಾಲು ನೋಡಿ ‘ಇದು ಜಾಸ್ತಿಯಾಯಿತು’ ಅಂತ ಲೈನ್ ಸ್ಪೇಸಿಂಗ್ ಅನ್ನು ಮೈನಸ್‌ಗೆ ಎಳೆದಾಗಲೇ ಕೆಡೋದು. ಮೇಲಿನ ಸಾಲಿನಲ್ಲಿ ‘ರಾಷ್ಟ್ರ’, ಅದರ ಸರಿ ಕೆಳಗೆ ‘ಹೀಗೇ’ ಅಂತ ಟೈಪ್ ಮಾಡಿ. ‘ಷ್ಟ್ರ’ದ ಎರಡು ಒತ್ತು ‘ಹೀ’ ತಲೆಗೆ ತಾಗದೆ ಕೂದಲೆಳೆ ಬಿಳಿ ಉಳಿಯುವ ತನಕ ಮಾತ್ರ ಇಳಿಸಿ. ಆ ಸಂಖ್ಯೆ ಇಡೀ ಪುಸ್ತಕಕ್ಕೆ ಒಂದೇ ಇರಲಿ. ಒಂದು ಬಲೂನು ಬಿಗಿ, ಇನ್ನೊಂದು ಸಡಿಲ ಆದರೆ ಓದುಗರ ಕಣ್ಣು ಎಡವುತ್ತೆ.

ಮಾತನ್ನು ನಡುವೆ ಕೂರಿಸಲು ಅಲೈನ್ ಟೂಲ್ ಒಂದನ್ನೇ ನಂಬಬೇಡಿ. ಅದು ಅಕ್ಷರ ನೋಡಲ್ಲ, ಲೇಯರಿನ ಚೌಕ ನೋಡುತ್ತೆ, ಆ ಚೌಕದಲ್ಲಿ ಖಾಲಿ ಜಾಗವೂ ಸೇರಿರುತ್ತೆ. ಅಕ್ಷರದ ಮೈ ನೋಡಿಕೊಂಡು ಬಾಣದ ಕೀಲಿಯಿಂದ ಸರಿಸಿ.

ಸಾಲು ಮುರಿಯೋದೂ ಕನ್ನಡದಲ್ಲಿ ಕಷ್ಟವೇ. ಪದಗಳು ಉದ್ದ, ಇಂಗ್ಲಿಷ್ ಕಾಮಿಕ್ಸಿನ ದುಂಡು ಬಲೂನಿಗೆ ಒಗ್ಗಲ್ಲ. ಅಗಲ ಹೆಚ್ಚಿರುವ ಬಲೂನು ಮಾಡಿ. ‘ಮರೆತುಬಿಟ್ಟಿದ್ದೀಯಾ’ ಸಾಲಿನಲ್ಲಿ ಹಿಡಿಸದಿದ್ದರೆ ‘ಮರೆತು’ ಮೇಲೆ, ‘ಬಿಟ್ಟಿದ್ದೀಯಾ’ ಕೆಳಗೆ. ‘ಬಿಟ್ಟಿ’ ಆದ ಮೇಲೆ ಮುರಿದರೆ ಅರ್ಥವೇ ಬೇರೆಯಾಗುತ್ತೆ!

ಫೋಟೋಶಾಪ್‌ನಲ್ಲಿ ಒತ್ತು ಬಿಡಿಬಿಡಿಯಾಗೋದು ಫಾಂಟಿನ ತಪ್ಪಲ್ಲ. ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ‘ಮಿಡಲ್ ಈಸ್ಟರ್ನ್ ಆ್ಯಂಡ್ ಸೌತ್ ಏಷ್ಯನ್’ ಆರಿಸಬೇಕು, ನಂತರದ ಕೆಲವು ಆವೃತ್ತಿಗಳಲ್ಲಿ ಅದು ‘ವರ್ಲ್ಡ್-ರೆಡಿ’ ಅಂತಿರುತ್ತೆ. ಮೊದಲೇ ಟೈಪ್ ಮಾಡಿದ ಲೇಯರ್‌ಗಳಿಗೆ ಪ್ಯಾರಾಗ್ರಾಫ್ ಪ್ಯಾನೆಲ್‌ನಲ್ಲಿ ಕಂಪೋಸರ್ (ಸಾಲು ಜೋಡಿಸುವ ಆಯ್ಕೆ) ಕೂಡ ‘ವರ್ಲ್ಡ್-ರೆಡಿ’ಗೆ ಬದಲಿಸಿ.

ಗೆರೆಮನೆ:
ಅಡ್ಡಗೆರೆ ಹೋಯಿತು, ‘ರಾಷ್ಟ್ರ–ಹೀಗೇ’ ಪರೀಕ್ಷೆಯೂ ಕೆಲಸ ಮಾಡಿತು. ಆದರೆ ಬಾಲದ ತುದಿ ಮೊಂಡಾಗಿ ಕಾಣುತ್ತೆ. ಚೂಪು ಬೇಕಲ್ಲ?

ತುದಿಗೆರೆ:
‘ಗ್ರೋ’ ಎಲ್ಲ ದಿಕ್ಕಿಗೂ ಒಂದೇ ಅಳತೆ ಹಿಗ್ಗಿಸುತ್ತೆ, ಹಾಗಾಗಿ ಮೂಲೆ ದುಂಡಗಾಗುತ್ತೆ. ಚೂಪು ಬೇಕಾದರೆ ಬಲೂನನ್ನು ಗೆರೆಚಿತ್ರ ಬರೆಯುವ ತಂತ್ರಾಂಶ ಇಂಕ್‌ಸ್ಕೇಪ್‌ನಲ್ಲಿ ಮಾಡಿ: ಅಂಡಾಕಾರ, ತ್ರಿಕೋನ, ಎರಡನ್ನೂ ಆರಿಸಿ ಪಾತ್ ಮೆನುವಿನಲ್ಲಿ ಯೂನಿಯನ್. ಸ್ಟ್ರೋಕ್ ಸ್ಟೈಲ್‌ನಲ್ಲಿ ಜಾಯಿನ್ (ಗೆರೆಯ ಮೂಲೆ) ‘ಮೈಟರ್’ (ಚೂಪು) ಇರಲಿ. ಅಲ್ಲೇ ಒಂದು ಮೋಸವಿದೆ. ಮೈಟರ್ ಲಿಮಿಟ್ 4 ಇದ್ದರೆ ಸುಮಾರು 29 ಡಿಗ್ರಿಗಿಂತ ಸಣ್ಣ ಕೋನದ ತುದಿಯನ್ನು ಅದು ಕತ್ತರಿಸಿಬಿಡುತ್ತೆ. ಬಾಲದ ತುದಿ ಸಾಮಾನ್ಯವಾಗಿ ಅದಕ್ಕಿಂತ ಸಪೂರ. 10ಕ್ಕೆ ಏರಿಸಿ, 12 ಡಿಗ್ರಿವರೆಗೂ ಚೂಪು ಉಳಿಯುತ್ತೆ.

ಅಚ್ಚಿಗೆ ಹೋಗೋದಾದರೆ ಇನ್ನೊಂದು ಮಾತು. ಆರ್‌ಜಿಬಿ (ಪರದೆಯ ಬಣ್ಣಕ್ರಮ) ಕಪ್ಪು ಪ್ರೆಸ್ಸಿನಲ್ಲಿ ನಾಲ್ಕೂ ಶಾಯಿಯಾಗಿ ಒಡೆದು, ಪ್ಲೇಟು ಚೂರು ಸರಿದರೂ ಸಣ್ಣ ಒತ್ತುಗಳ ಸುತ್ತ ಬಣ್ಣದ ನೆರಳು ಬೀಳುತ್ತೆ. ಚಿತ್ರವನ್ನು ಗಿಂಪ್‌ನಿಂದ ತಂದು, ಮಾತನ್ನು ಮಾತ್ರ ಪುಟ ವಿನ್ಯಾಸದ ತಂತ್ರಾಂಶ ಸ್ಕ್ರೈಬಸ್ 1.6ರಲ್ಲಿ ಸಿಎಂವೈಕೆಯ (ಅಚ್ಚಿನ ನಾಲ್ಕು ಶಾಯಿ) ಕೆ 100ರಲ್ಲಿ, ಅಂದರೆ ಬರೀ ಕಪ್ಪು ಶಾಯಿಯಲ್ಲಿ, ಕೂರಿಸಿ ಪಿಡಿಎಫ್ ತೆಗೆಯಿರಿ. ಹಳೆಯ 1.4 ಬೇಡ, ಅದರಲ್ಲಿ ಕನ್ನಡದ ಒತ್ತು ಸರಿಯಾಗಿ ಕೂಡಲ್ಲ.